ಬಿಸಿನೆಸ್ ಇಂಗ್ಲಿಷ್ ಪಾಠ: ಪುಸ್ತಕವಾ, ಪರೀಕ್ಷೆಯಾ, ಸ್ವಂತ ಸಾಮಗ್ರಿಯಾ? ಅನುಭವ ಇದ್ದವರು ಹೇಳಿ

ಹೊಸ ಮೇಡಂ:
ಇಲ್ಲಿವರೆಗೆ ಸಾಹಿತ್ಯ ಪಾಠ ಮಾಡಿಕೊಂಡು ಬಂದವಳು ನಾನು. ಬರುವ ಸೆಮಿಸ್ಟರ್‌ನಿಂದ ಬಿಸಿನೆಸ್ ಇಂಗ್ಲಿಷ್ ನನ್ನ ಪಾಲಿಗೆ ಬಂದಿದೆ. ಪದವಿಯ ಎರಡನೇ ವರ್ಷ, 60 ಜನ, ವಾರಕ್ಕೆ ಎರಡು ಗಂಟೆ. ಕೆಲವರು ಸರಾಗವಾಗಿ ಮಾತಾಡುತ್ತಾರೆ, ಕೆಲವರು ಒಂದು ವಾಕ್ಯಕ್ಕೂ ತಡವರಿಸುತ್ತಾರೆ. ಯಾರೂ ಆಫೀಸಲ್ಲಿ ಕೆಲಸ ಮಾಡಿದವರಲ್ಲ, ನಾನೂ ಅಷ್ಟೇ. ಪಠ್ಯಪುಸ್ತಕ ಹಿಡಿಯಲಾ, ಯಾವುದಾದರೂ ಪರೀಕ್ಷೆಗೆ ತಯಾರು ಮಾಡಲಾ, ಇಲ್ಲ ನಾನೇ ಸಾಮಗ್ರಿ ಮಾಡಿಕೊಳ್ಳಲಾ?

ತಿದ್ದುವ ಮೇಷ್ಟ್ರು:
ಪುಸ್ತಕ ಬೇಡವೇ ಬೇಡ. ನಾನು ಪುಸ್ತಕ ಬದಿಗಿಟ್ಟು ಕಾಗದದ ಮೇಲೆ ಒಂದು ಕಂಪನಿಯನ್ನೇ ಕಟ್ಟಿದೆ. ನೀರಿನ ಬಾಟಲಿ ಮಾಡುವ ಕಂಪನಿ. ಖರೀದಿ, ಮಾರಾಟ, ಲೆಕ್ಕಪತ್ರ, ಗ್ರಾಹಕ ಸೇವೆ ಅಂತ ತರಗತಿಯನ್ನು ಹಂಚಿದೆ. ಸೆಮಿಸ್ಟರ್ ಪೂರ್ತಿ ಅದೇ ಕಂಪನಿ. ಒಂದು ವಾರ ಮುಚ್ಚಳ ಸೋರುತ್ತಿದೆ ಅಂತ ದೂರು ಬರುತ್ತದೆ. ಮುಂದಿನ ವಾರ ಮುಚ್ಚಳ ಕಳಿಸಿದವರ ಜೊತೆ ಫೋನಿನಲ್ಲಿ ಮಾತು. ಆಮೇಲೆ ಮೀಟಿಂಗ್, ಅದರ ನಡಾವಳಿ. ಕೆಲಸದ ಮುಖವನ್ನೇ ನೋಡದ ಮಕ್ಕಳಿಗೆ ಬಿಡಿ ಬಿಡಿ ಪಾಠ ತಲೆಗೆ ಹತ್ತುವುದಿಲ್ಲ. ಹಿಂದಿನ ವಾರ ತಾವೇ ಏನು ಬರೆದಿದ್ದೆವು ಅನ್ನುವುದು ಈ ವಾರ ಎದುರಿಗೆ ಬಂದು ನಿಲ್ಲಬೇಕು.

ಒಬ್ಬ ಹುಡುಗ ಬರೆದಿದ್ದ ಇಮೇಲ್: 'ಯು ಮಸ್ಟ್ ಸೆಂಡ್ ನ್ಯೂ ಕ್ಯಾಪ್ಸ್ ಬಿಫೋರ್ ಫ್ರೈಡೇ. ಯುವರ್ ಕ್ವಾಲಿಟಿ ಈಸ್ ಬ್ಯಾಡ್.' ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಆದರೆ ಓದಿದವರು ಮುಚ್ಚಳ ಕಳಿಸುವುದಿಲ್ಲ, ಜಗಳಕ್ಕೆ ಬರುತ್ತಾರೆ. ನಾನು ಕೆಂಪು ಗೆರೆ ಹಾಕಲಿಲ್ಲ. ಸಪ್ಲೈಯರ್ ಪಾತ್ರದಲ್ಲಿದ್ದ ಗುಂಪಿಗೆ ಅದನ್ನು ಕೊಟ್ಟು, ಇದಕ್ಕೆ ಉತ್ತರ ಬರೆಯಿರಿ ಅಂದೆ. ಬಂದ ಉತ್ತರ ಓದಿ ಹುಡುಗನ ಮುಖ ಕೆಂಪಾಯಿತು. ಆಮೇಲೆ ಅವನೇ ತಿದ್ದಿ ತಂದ: 'ಸಮ್ ಆಫ್ ದ ಕ್ಯಾಪ್ಸ್ ಇನ್ ದ ಲಾಸ್ಟ್ ಬ್ಯಾಚ್ ಆರ್ ಲೀಕಿಂಗ್. ಕುಡ್ ಯು ಸೆಂಡ್ ರಿಪ್ಲೇಸ್‌ಮೆಂಟ್ಸ್ ಬೈ ಥರ್ಸ್‌ಡೇ?' ಕೆಳಗೆ ಬ್ಯಾಚ್ ನಂಬರ್, ಎಷ್ಟು ಮುಚ್ಚಳ ಸೋರಿದವು ಅನ್ನುವ ಲೆಕ್ಕ ಎಲ್ಲ ಇತ್ತು.

ಇನ್ನು ಇದಕ್ಕೆ ತೆತ್ತಿದ್ದು ಕೇಳಿ. 60 ಇಮೇಲ್, ಒಂದಕ್ಕೆ ಹತ್ತು ನಿಮಿಷ ಅಂದರೂ ವಾರಕ್ಕೆ ಹತ್ತು ಗಂಟೆ ಬರೀ ತಿದ್ದುವುದಕ್ಕೇ ಹೋಗುತ್ತದೆ. ಪಾಠ ಎರಡೇ ಗಂಟೆ. ಉಳಿದಿದ್ದನ್ನು ಯಾರೂ ಕೆಲಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾನುವಾರ ಅಂತ ಒಂದಿದೆ ಅನ್ನುವುದೇ ಮರೆತುಹೋಗಿತ್ತು. ಕೊನೆಗೆ ವಿಭಾಗದವರು ಇಡೀ ಫೈಲ್ ಇಸಿದುಕೊಂಡು ಪಾಠವನ್ನು ಬೇರೆಯವರಿಗೆ ಕೊಟ್ಟರು. ಮೊದಲ ಪುಟದಲ್ಲಿದ್ದ ನನ್ನ ಹೆಸರನ್ನೂ ತೆಗೆದರು. ಆ ಉರಿ ಇನ್ನೂ ಆರಿಲ್ಲ. ಆದರೂ ಮತ್ತೆ ಅವಕಾಶ ಸಿಕ್ಕರೆ ಇದನ್ನೇ ಮಾಡುತ್ತೇನೆ.

ಅಂಕಪಟ್ಟಿ ಮೇಡಂ:
ಸರ್, ನಿಮ್ಮ ಬಾಟಲಿ ಕಂಪನಿಯಿಂದ ಮಕ್ಕಳ ಕೈಗೆ ಏನು ಬಂತು? ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸುವುದಕ್ಕೆ ಒಂದು ಹಾಳೆ ಬೇಡವಾ?

ನಾನು ಟೋಯಿಕ್ ಹಿಡಿದೆ, ಕೆಲಸದಲ್ಲಿ ಬಳಸುವ ಇಂಗ್ಲಿಷ್ ಅಳೆಯುವ ಪರೀಕ್ಷೆ ಅದು. ಇವತ್ತಿಗೂ ಅದರ ಬಗ್ಗೆ ಹೆಮ್ಮೆ ಇದೆ. ಕೇಳುವ ಭಾಗ 100 ಪ್ರಶ್ನೆ 45 ನಿಮಿಷ, ಓದುವ ಭಾಗ 100 ಪ್ರಶ್ನೆ 75 ನಿಮಿಷ, ಒಟ್ಟು 990 ಅಂಕ. ಓದುವ ಭಾಗದಲ್ಲೇ ಎಲ್ಲರೂ ಮುಗ್ಗರಿಸುವುದು. ಐದನೇ ಪಾರ್ಟ್‌ನ 30 ಪ್ರಶ್ನೆಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂತರೆ ಏಳನೇ ಪಾರ್ಟ್‌ನ 54 ಮುಗಿಯುವುದೇ ಇಲ್ಲ. ನನ್ನ ಮಕ್ಕಳು ಕೊನೆಯ ಹದಿನೈದು ಇಪ್ಪತ್ತು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕುತ್ತಿದ್ದರು. ಗಡಿಯಾರ ಮುಂದಿಟ್ಟು ತಾಲೀಮು ಮಾಡಿಸಿದೆ.

ಪೆಟ್ಟು ಬಿದ್ದಿದ್ದು ಬೇರೆ ಕಡೆ. ಶುಲ್ಕದಲ್ಲಿ ಅರ್ಧ ಕೊಡುತ್ತೇವೆ ಅಂತ ಸಂಸ್ಥೆಯವರು ಒಪ್ಪಿದ್ದರು. ಫೈಲು ಮೇಜಿಂದ ಮೇಜಿಗೆ ತಿರುಗಿತು. ಒಬ್ಬರು ಮಕ್ಕಳ ಪಟ್ಟಿ ಕೇಳಿದರು. ಇನ್ನೊಬ್ಬರು ಅದೇ ಪಟ್ಟಿಯನ್ನು ಬೇರೆ ನಮೂನೆಯಲ್ಲಿ ಕೇಳಿದರು. ಮತ್ತೊಬ್ಬರು ಪ್ರತಿ ಹಾಳೆಗೂ ಸಹಿ ಬೇಕು ಅಂದರು. ಅಷ್ಟರಲ್ಲಿ ನೋಂದಣಿ ದಿನಾಂಕ ದಾಟಿತು. ಪೂರ್ತಿ ಶುಲ್ಕ ಕಟ್ಟುವ ಶಕ್ತಿ ಇದ್ದವರು ಮುಂಚೆಯೇ ಕಟ್ಟಿ ಬರೆದರು. ಚೆನ್ನಾಗಿ ಓದಿದ್ದ ಉಳಿದವರು ನನ್ನ ಮುಂದೆ ಬಂದು ನಿಂತರು. ಏನು ಉತ್ತರ ಹೇಳಲಿ?

ತಿದ್ದುವ ಮೇಷ್ಟ್ರು:
ಆ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕಾ ಮೇಡಂ? ಒಂದು ಮಾತು ಆಡಬೇಕಾ? ಮಾತು, ಬರಹಕ್ಕೆ ಬೇರೆಯೇ ಪರೀಕ್ಷೆ ಬಂದಿದ್ದು 2006ರಲ್ಲಿ. ಅದಕ್ಕೆ ಬೇರೆ ಶುಲ್ಕ. ಗುರುತು ಹಾಕುವುದನ್ನು ಕಲಿಸಿ ಬಿಸಿನೆಸ್ ಇಂಗ್ಲಿಷ್ ಅಂದರೆ ನಾನು ಒಪ್ಪಲ್ಲ.

ಅಂಕಪಟ್ಟಿ ಮೇಡಂ:
ಒಪ್ಪಬೇಡಿ. ಕೆಲಸ ಸಿಕ್ಕ ಮಕ್ಕಳು ಒಪ್ಪಿದ್ದಾರೆ. ಮಾತು, ಬರಹ ಎಲ್ಲ ಒಟ್ಟಿಗೆ ಬೇಕು ಅನ್ನುವವರಿಗೆ ಕೇಂಬ್ರಿಡ್ಜ್‌ನವರ ಬಿಸಿನೆಸ್ ಇಂಗ್ಲಿಷ್ ಪರೀಕ್ಷೆ ಬಿಇಸಿ ಇತ್ತಲ್ಲ. ಪ್ರಿಲಿಮಿನರಿ, ವಾಂಟೇಜ್, ಹೈಯರ್ ಅಂತ ಮೂರು ಮೆಟ್ಟಿಲು. ವಾಂಟೇಜ್‌ನಲ್ಲಿ 40ರಿಂದ 50 ಪದದ ಒಂದು ಬರಹ, 120ರಿಂದ 140 ಪದದ ಇನ್ನೊಂದು. ಅದನ್ನೂ ಮಾಡಿಸಿದ್ದೇನೆ. ಚಿಕ್ಕದನ್ನು ಬರೆಸುವುದೇ ಕಷ್ಟ. 50 ಪದ ಅಂದರೆ 90 ಬರೆದು ತರುತ್ತಿದ್ದರು.

ಎಕ್ಸ್‌ಪೋರ್ಟ್ ಬಿಟ್ಟು ಬಂದವನು:
ಇಬ್ಬರೂ ಭಾಷೆ ಭಾಷೆ ಅಂತಿದ್ದೀರಿ, ಬಿಸಿನೆಸ್ ಎಲ್ಲಿ? ನಾನು ಕಂಪನಿ ಬಿಟ್ಟು ಪಾಠಕ್ಕೆ ಬಂದವನು. ಪರ್ಚೇಸ್ ಆರ್ಡರಿಗೂ ಇನ್‌ವಾಯ್ಸಿಗೂ ವ್ಯತ್ಯಾಸ ಗೊತ್ತಿಲ್ಲದವರು ಇಮೇಲ್ ಬರೆಯುವುದನ್ನು ಕಲಿಸುವುದು ನೋಡಿ ಬೇಜಾರಾಗುತ್ತದೆ.

ನಾನು ನಿಜವಾದ ಕಾಗದ ತಂದೆ. ಹಳೆಯ ಆಫೀಸಿನವರು ಸುಲಭಕ್ಕೆ ಕೊಡಲಿಲ್ಲ, ಬೇಡಿ ಬೇಡಿ ತಂದೆ. ಹೆಸರು, ದರ, ಖಾತೆ ನಂಬರ್, ವಿಳಾಸ ಎಲ್ಲ ಕಪ್ಪು ಮಾಡಬೇಕಿತ್ತು. ಮಾರ್ಕರ್‌ನಲ್ಲಿ ಬಳಿದರೆ ಹಿಂದಿನಿಂದ ಬೆಳಕಿಗೆ ಹಿಡಿದಾಗ ಓದಬಹುದು. ಅದಕ್ಕೆ ಬಳಿದು, ನಕಲು ತೆಗೆದು, ಮತ್ತೆ ಬಳಿದು, ಮತ್ತೆ ನಕಲು ತೆಗೆದೆ. ರಾತ್ರಿಯೆಲ್ಲ ಅದೇ ಕೆಲಸ. ಅಷ್ಟಾದ ಮೇಲೆ ಹೊಸದಾಗಿ ಬಂದ ಮ್ಯಾನೇಜರ್ ಎಲ್ಲ ವಾಪಸ್ ಕೊಡಿ ಅಂದರು. ಕೊಟ್ಟೆ. ಮೊದಲಿನಿಂದ ನಾನೇ ಟೈಪ್ ಮಾಡಿ ಅದೇ ಥರ ಕಾಗದ ಮಾಡಿಕೊಂಡೆ.

ಆದರೆ ಪಾಠ ಅಂದರೆ ಅದು! ಸರಕು ಸಾಗಿಸುವಾಗ ಖರ್ಚು, ಹೊಣೆ ಯಾರದು ಅಂತ ಹೇಳುವ ಅಂತರರಾಷ್ಟ್ರೀಯ ನಿಯಮ ಇನ್‌ಕೋಟರ್ಮ್ಸ್ 1936ರಿಂದ ಇದೆ, 2020ರ ಆವೃತ್ತಿಯಲ್ಲಿ 11 ನಿಯಮ. ಅದರಲ್ಲಿ ಸಿಐಎಫ್ ಅನ್ನುವ ನಿಯಮದಲ್ಲಿ ಸಾಗಣೆ, ವಿಮೆ ಖರ್ಚು ಮಾರುವವರದು. ಆದರೆ ಸರಕು ಹಡಗು ಹತ್ತಿದ ಮೇಲೆ ನಷ್ಟದ ಹೊಣೆ ಕೊಳ್ಳುವವರದು. ಇದು ಗೊತ್ತಿಲ್ಲದ ಹುಡುಗಿ, ಸಮುದ್ರದಲ್ಲಿ ನೆನೆದ ಸರಕಿಗೆ ಪರಿಹಾರ ಕೊಡಿ ಅಂತ ಮಾರಿದವರಿಗೆ ಬಲು ವಿನಯದಿಂದ ಪತ್ರ ಬರೆದಳು. ಭಾಷೆ ಎಷ್ಟು ಮೃದುವಾಗಿದ್ದರೇನು, ಪತ್ರ ಹೋಗಬೇಕಾಗಿದ್ದು ವಿಮೆಯವರಿಗೆ. ಸಾಗಣೆ ಖರ್ಚು ಕೊಳ್ಳುವವರದಾದ ಎಫ್‌ಒಬಿ ನಿಯಮ ಕೂಡ ಹಾಗೆಯೇ, ಕಂಟೇನರ್ ಹಡಗಿಗೆ ಏರಿತೋ ಹೊಣೆ ಕೈ ಬದಲಾಯಿತು.

ಕಾಮರ್ಸ್ ವಿಭಾಗದವಳು:
ಒಂದು ನಿಮಿಷ. ಕಂಟೇನರಿಗೆ ಎಫ್‌ಒಬಿ ಬಳಸಬಾರದು. ಕಂಟೇನರನ್ನು ಹಡಗಿಗೆ ಏರಿಸುವ ಮುಂಚೆಯೇ ಟರ್ಮಿನಲ್‌ನಲ್ಲಿ ಒಪ್ಪಿಸಿರುತ್ತಾರೆ, ಅದಕ್ಕೆ, ಸಾಗಣೆದಾರರಿಗೆ ಒಪ್ಪಿಸಿದಾಗಲೇ ಹೊಣೆ ದಾಟುವ ಎಫ್‌ಸಿಎ ನಿಯಮ ಇದೆ. ಬೇರೆಯವರಿಗೆ ಬಿಸಿನೆಸ್ ಗೊತ್ತಿಲ್ಲ ಅನ್ನುವ ಮುಂಚೆ ಇದನ್ನು ನೋಡಿಕೊಳ್ಳಿ.

ಎಕ್ಸ್‌ಪೋರ್ಟ್ ಬಿಟ್ಟು ಬಂದವನು:
ಪುಸ್ತಕದಲ್ಲಿ ಹಾಗಿದೆ. ಕಂಟೇನರಿಗೂ ಎಫ್‌ಒಬಿ ಅಂತಲೇ ಬರೆಯುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಕೆಲಸ ಮಾಡಿದವರನ್ನು ಕೇಳಿ.

ಕಾಮರ್ಸ್ ವಿಭಾಗದವಳು:
ತಪ್ಪು ರೂಢಿಯನ್ನು ತಂದು ಮಕ್ಕಳಿಗೆ ಕಲಿಸುವುದಕ್ಕೆ ತರಗತಿ ಯಾಕೆ ಬೇಕು?

ನನ್ನದೂ ಒಂದು ಅನುಭವ ಇದೆ. ಇಂಗ್ಲಿಷ್ ಮೇಷ್ಟ್ರು, ನಾನು ಇಬ್ಬರೂ ಸೇರಿ ಪಾಠ ಮಾಡೋಣ ಅಂತ ಶುರುಮಾಡಿದೆವು. ವಿಷಯ ನನ್ನದು, ಭಾಷೆ ಅವರದು. ಇಬ್ಬರ ವೇಳಾಪಟ್ಟಿ ಕೂಡಿಬರಲಿಲ್ಲ. ಅವರು ಬ್ಯಾಲೆನ್ಸ್ ಶೀಟ್ ವಾರದಲ್ಲಿ ಫೋನ್ ಸಂಭಾಷಣೆ ಮಾಡಿಸಿದರು. ಅಂಕ ಯಾರ ವಿಭಾಗಕ್ಕೆ ಸೇರಬೇಕು ಅನ್ನುವ ಜಗಳ ಸೆಮಿಸ್ಟರ್ ಮುಗಿದರೂ ಮುಗಿಯಲಿಲ್ಲ. ಆದರೆ ಗ್ರಾಫ್ ವಿವರಿಸುವ ಪಾಠ ಮಾತ್ರ ನಾವಿಬ್ಬರೂ ಒಟ್ಟಿಗೆ ನಿಂತಿದ್ದಕ್ಕೇ ಗೆದ್ದಿತು. ಮಾರಾಟ ಏರಿತು, ಲಾಭ ಇಳಿಯಿತು ಅಂತ ಹೇಳುವುದನ್ನು ಅವರು ಕಲಿಸಿದರು. ಹಾಗೆ ಯಾಕಾಗುತ್ತದೆ ಅನ್ನುವುದನ್ನು ನಾನು ಹೇಳಿದೆ.

ಹೊಸ ಮೇಡಂ:
ಎಲ್ಲರಿಗೂ ಧನ್ಯವಾದ. ನಮ್ಮಲ್ಲಿ ಇಷ್ಟು ಸೌಲಭ್ಯ ಇಲ್ಲ. ತಡವರಿಸುವ ಮಕ್ಕಳನ್ನು ಮಾತಾಡಿಸುವುದು ಹೇಗೆ ಅಂತ ಯಾರಾದರೂ ಹೇಳ್ತೀರಾ?

ಗುಂಪಿನ ಅಂಕ ಕೊಡದವಳು:
ನಾನು ಹಟ ಹಿಡಿದು ಗೆದ್ದಿದ್ದು ಇದರಲ್ಲೇ. 60 ಜನರಿಂದ ಐದೈದು ನಿಮಿಷ ಪ್ರೆಸೆಂಟೇಷನ್ ಮಾಡಿಸಿದರೆ ಐದು ಗಂಟೆ ಬೇಕು. ಎರಡೂವರೆ ವಾರದ ಪಾಠ ಹೋಯಿತು. ಗುಂಪು ಮಾಡಿದರೆ ಸರಾಗ ಮಾತಾಡುವವರೇ ಎಲ್ಲ ಮಾತಾಡಿ ಮುಗಿಸುತ್ತಾರೆ, ಉಳಿದವರು ಪಕ್ಕದಲ್ಲಿ ಸುಮ್ನೆ ನಿಂತು ಅದೇ ಅಂಕ ತಗೊಳ್ತಾರೆ. ಕೊನೆಗೆ ಪೆಚ ಕುಚ ಹಿಡಿದೆ. 2003ರಲ್ಲಿ ಟೋಕಿಯೋದಲ್ಲಿ ಆರ್ಕಿಟೆಕ್ಟ್‌ಗಳು ಶುರುಮಾಡಿದ ರೀತಿ ಇದು. 20 ಸ್ಲೈಡು, ಒಂದೊಂದಕ್ಕೆ 20 ಸೆಕೆಂಡು, ತಾನಾಗಿಯೇ ಮುಂದೆ ಹೋಗುತ್ತದೆ. ಒಟ್ಟು 6 ನಿಮಿಷ 40 ಸೆಕೆಂಡು. ನಾಲ್ಕು ಜನರ 15 ಗುಂಪಿಗೆ ಲೆಕ್ಕ ಹಾಕಿ, ಸರಿಯಾಗಿ 100 ನಿಮಿಷ. ಒಂದೇ ದಿನದಲ್ಲಿ ಮುಗಿಯುತ್ತದೆ. ಒಬ್ಬೊಬ್ಬರಿಗೆ ಐದು ಸ್ಲೈಡು, ಅವರ ಐದು ಸ್ಲೈಡಿಗೆ ಅವರದೇ ಅಂಕ. ತಡವರಿಸುವವರಿಗೂ ಒಂದು ಸಲಕ್ಕೆ 20 ಸೆಕೆಂಡಿನ ಮಾತು ತಯಾರಾದರೆ ಸಾಕು.

ಎಕ್ಸ್‌ಪೋರ್ಟ್ ಬಿಟ್ಟು ಬಂದವನು:
ಆಫೀಸಲ್ಲಿ ಹಾಗೆ ನಡೆಯಲ್ಲ ಮೇಡಂ. ಒಬ್ಬರು ಕೆಲಸ ಕೆಡಿಸಿದರೆ ಇಡೀ ಟೀಮ್ ಬೈಸಿಕೊಳ್ಳುತ್ತದೆ. ಗುಂಪಿಗೆ ಒಂದೇ ಅಂಕ ಕೊಟ್ಟರೇ ಆ ಪಾಠ ಕಲಿಯುವುದು.

ಗುಂಪಿನ ಅಂಕ ಕೊಡದವಳು:
ನಿಮ್ಮ ಆಫೀಸಲ್ಲಿ ಇಡೀ ಟೀಮಿಗೆ ಒಂದೇ ಸಂಬಳ ಕೊಡುತ್ತಿದ್ದರಾ?

ಎಕ್ಸ್‌ಪೋರ್ಟ್ ಬಿಟ್ಟು ಬಂದವನು:
ಸಂಬಳದ ಮಾತು ಬೇರೆ.

ತಿದ್ದುವ ಮೇಷ್ಟ್ರು:
ಬೇರೆ ಏನಲ್ಲ, ಮೇಡಂ ಹೇಳಿದ್ದೇ ಸರಿ. ನನ್ನ ಕಂಪನಿಯಲ್ಲೂ ಗುಂಪಿನ ಇಮೇಲಿಗೆ ಅಂಕ ಇರಲಿಲ್ಲ. ಯಾರು ಯಾವ ಸಾಲು ಬರೆದರು ಅಂತ ಅಂಚಿನಲ್ಲಿ ಇನಿಷಿಯಲ್ ಹಾಕಬೇಕಿತ್ತು. ಈಗ ಚಾಟ್‌ಜಿಪಿಟಿ ಬಂದ ಮೇಲೆ ಅದನ್ನೂ ತರಗತಿಯಲ್ಲೇ, ಕೈಯಲ್ಲೇ ಬರೆಸಬೇಕು.

ಅಂಕಪಟ್ಟಿ ಮೇಡಂ:
ಕೆಲಸದಲ್ಲಿ ಯಾರು ಕೈಯಲ್ಲಿ ಇಮೇಲ್ ಬರೆಯುತ್ತಾರೆ ಸರ್? ಅದು ಬರೆದುಕೊಟ್ಟಿದ್ದನ್ನು ಓದಿ, ಇದು ಈ ಗ್ರಾಹಕರಿಗೆ ಹೊಂದಲ್ಲ ಅಂತ ಹೇಳುವುದನ್ನು ಕಲಿಸಿ. ನಾನು ಈ ಸೆಮಿಸ್ಟರ್ ಅದನ್ನೇ ಮಾಡಿಸುತ್ತಿದ್ದೇನೆ. ಒಂದೇ ದೂರಿಗೆ ಯಂತ್ರ ಬರೆದ ಮೂರು ಉತ್ತರ ಕೊಡುತ್ತೇನೆ. ಯಾವುದನ್ನು ಕಳಿಸುತ್ತೀರಿ, ಯಾವ ಸಾಲು ತೆಗೆಯುತ್ತೀರಿ, ಯಾಕೆ ಅಂತ ಎದ್ದು ನಿಂತು ಬಾಯಲ್ಲಿ ಹೇಳಬೇಕು.

ತಿದ್ದುವ ಮೇಷ್ಟ್ರು:
ತಾವೇ ಒಂದು ಇಮೇಲ್ ಬರೆಯಲು ಬರದವರಿಗೆ ಯಾವ ಸಾಲು ತೆಗೆಯಬೇಕು ಅಂತ ಹೇಗೆ ಗೊತ್ತಾಗುತ್ತೆ? ಮೊದಲು ಬರೆಯಲಿ, ಆಮೇಲೆ ತೆಗೆಯಲಿ.