ಸೀಡ್ ಫಂಡ್ ತಗೊಂಡವರು ಸ್ವಲ್ಪ ಅನುಭವ ಹೇಳಿ

ಪ್ರಶ್ನೆ: ಪಂಪಿನ ಅದುರಾಟ ಅಳೆದು, ಬೇರಿಂಗ್ ಹಾಳಾಗುವ ಮೊದಲೇ ಹೇಳುವ ಸೆನ್ಸರ್ ಮಾಡಿದ್ದೇವೆ. ಮಾದರಿ ಸಿದ್ಧ. ಕಂಪನಿಗೆ 14 ತಿಂಗಳು. ಹೊಸ ಕಂಪನಿಗಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ಗೆ ಅರ್ಜಿ ಹಾಕೋದಾ, ನೇರವಾಗಿ ಮಾರೋಕೆ ಇಳಿಯೋದಾ?

ಅಚ್ಚು ಮಾಡಿಸಿದವನು: ನಮಗೆ 20 ಲಕ್ಷ ಮಂಜೂರಾಯಿತು. ಊರಿಗೆಲ್ಲ ಹೇಳಿಕೊಂಡು ಬಂದೆ. ಕೈಗೆ ಬಂದಿದ್ದು ಮೊದಲ ಕಂತು, 6 ಲಕ್ಷ. ಉಳಿದದ್ದು ಯೂಸಿ, ಅಂದ್ರೆ ಹಣ ಬಳಸಿದ ಲೆಕ್ಕದ ಪ್ರಮಾಣಪತ್ರ, ಕೊಟ್ಟ ಮೇಲೆ. ಪ್ಲಾಸ್ಟಿಕ್ ಅಚ್ಚಿಗೆ 1,85,000 ಆಯಿತು. ಮುಂಗಡ ಹೋಗಿದ್ದು ಪಾರ್ಟ್ನರ್ ಸ್ವಂತ ಖಾತೆಯಿಂದ. ಅದಕ್ಕೇ ಇನ್‌ಕ್ಯುಬೇಟರ್‌ನವರು (ಈ ಹಣ ಹಂಚುವ ಸಂಸ್ಥೆ) ಯೂಸಿ ವಾಪಸ್ ಕಳಿಸಿದರು. ಸರಿ ಮಾಡಿ ಕೊಟ್ಟರೆ, 4,720 ರೂಪಾಯಿಯ ಸರ್ಕ್ಯೂಟ್ ಬೋರ್ಡ್ ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಒಂದಂಕಿ ತಪ್ಪು. ಮತ್ತೆ ವಾಪಸ್. 7 ತಿಂಗಳು ಹೀಗೇ ಕಳೆಯಿತು. ಇದ್ದ ಇಬ್ಬರು ಹುಡುಗರೂ ಬಿಟ್ಟು ಹೋದರು.

ಶನಿವಾರದ ಲೆಕ್ಕ: ತಪ್ಪು ನಿಮ್ಮದೇ ಅಲ್ವಾ? ನಾನು ಮೊದಲ ದಿನವೇ ಬೇರೆ ಖಾತೆ ತೆರೆದೆ. ಪ್ರತಿ ಶನಿವಾರ ಕೂತು ಬಿಲ್ ಅಂಟಿಸುತ್ತಿದ್ದೆ, ಚಹಾ ಖರ್ಚು ಬೇರೆ ಪುಸ್ತಕದಲ್ಲಿ. ಒಂದು ಯೂಸಿಯೂ ವಾಪಸ್ ಬರಲಿಲ್ಲ. ಸರ್ಕಾರದ ದುಡ್ಡು ಮಾವನ ಮನೆ ದುಡ್ಡಲ್ಲ.

ಅಚ್ಚು ಮಾಡಿಸಿದವನು: ನಿಮ್ಮದು ಆ್ಯಪ್ ಇರಬೇಕು. ಅಚ್ಚಿನವನು ಭಾನುವಾರ ರಾತ್ರಿ ಮುಂಗಡ ಕೇಳಿದಾಗ ಗೊತ್ತಾಗುತ್ತೆ.

ಎಲಿವೇಟ್ ಗೆದ್ದು ಸೋತವಳು: ಯಾವುದನ್ನು ಮೊದಲು ತಗೋತೀರಿ ಅನ್ನೋದೇ ಮುಖ್ಯ. ನಾನು ರಾಜ್ಯ ಸರ್ಕಾರದ ಸ್ಟಾರ್ಟಪ್ ಸ್ಪರ್ಧೆ ಎಲಿವೇಟ್‌ನಲ್ಲಿ 25 ಲಕ್ಷ ತಗೊಂಡೆ. ಬೇರೆ ಸರ್ಕಾರಿ ಯೋಜನೆಯಲ್ಲಿ 10 ಲಕ್ಷ ದಾಟಿದರೆ ಸೀಡ್ ಫಂಡ್ ಇಲ್ಲ. ಬಹುಮಾನದ ಹಣ ಲೆಕ್ಕಕ್ಕಿಲ್ಲವಲ್ಲ, ಇದೂ ಸ್ಪರ್ಧೆಯಲ್ಲಿ ಗೆದ್ದಿದ್ದೇ ಅಂತ ವಾದಿಸಿದೆ. ಗ್ರ್ಯಾಂಟ್ (ಅನುದಾನ) ಅಂದ್ರೆ ಗ್ರ್ಯಾಂಟೇ ಅಂದರು. ಅಷ್ಟರಲ್ಲಿ ಕಂಪನಿಗೆ ಅರ್ಜಿಯ ಮಿತಿಯಾದ 2 ವರ್ಷವೂ ದಾಟಿತ್ತು.

ಶನಿವಾರದ ಲೆಕ್ಕ: ಇನ್ನೊಂದು. 20 ಲಕ್ಷ ಇರುವುದು ಮಾದರಿಗೆ, ಪ್ರಯೋಗಕ್ಕೆ. ಮಾರುಕಟ್ಟೆಗೆ ಇಳಿಯೋಕೆ 50 ಲಕ್ಷದವರೆಗೆ ಸಿಗುತ್ತೆ, ಆದರೆ ಅದು ಸಾಲ ಇಲ್ಲವೇ ಡಿಬೆಂಚರ್ (ಷೇರಾಗಿ ಬದಲಾಗಬಲ್ಲ ಸಾಲಪತ್ರ). ಪುಕ್ಕಟೆ ಅಲ್ಲ.

ಟೆಂಡರ್ ರಾಮಾಯಣ: ನಾನು ಒಂದು ಪೈಸೆ ಮುಟ್ಟಲಿಲ್ಲ. ಡಿಪಿಐಐಟಿ (ಕೇಂದ್ರದ ಕೈಗಾರಿಕಾ ಇಲಾಖೆ) ಮಾನ್ಯತೆ ಒಂದೇ ಸಾಕು, ಸರ್ಕಾರಿ ಖರೀದಿ ಪೋರ್ಟಲ್ ಜೆಮ್‌ನಲ್ಲಿ ಇಎಂಡಿ, ಅಂದ್ರೆ ಟೆಂಡರ್ ಠೇವಣಿ, ಇಲ್ಲ. ಪೇಟೆಂಟ್ ಶುಲ್ಕದಲ್ಲಿ 80% ಕಡಿತವೂ ಸಿಕ್ಕಿತು. 40 ಪೀಸ್ ಮಾರಿದೆ. ಬಿಲ್ಲಿನ ದುಡ್ಡು ಬಂದಿದ್ದು 5 ತಿಂಗಳಿಗೆ. ಅಷ್ಟು ದಿನ ಓಡಾಡಿದ್ದು ಹೆಂಡತಿಯ ಬಳೆ ಇಟ್ಟ ದುಡ್ಡಲ್ಲಿ.

ಎಲಿವೇಟ್ ಗೆದ್ದು ಸೋತವಳು: ಬಳೆ ಇಟ್ಟಿದ್ದನ್ನ ಹೆಮ್ಮೆಯಿಂದ ಹೇಳ್ತೀರಲ್ಲ. ಅವರನ್ನ ಒಂದು ಮಾತು ಕೇಳಿದ್ರಾ?

ಟೆಂಡರ್ ರಾಮಾಯಣ: ಮೇಡಂ, ಕಂಪನಿಯ ಡೈರೆಕ್ಟರೇ ಅವಳು. ಬಳೆ ಇಡೋಣ ಅಂದಿದ್ದೂ ಅವಳೇ.