ಮಲಗಿದ ಫೋನು ರಿಂಗಾಗುವುದಿಲ್ಲ: ಅನುಭವವಿದ್ದವರು ತಿಳಿಸಿ

ಹೊಸನಗರದ ಒಂಟಿಮನೆ:
ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಎಲ್ಲವೂ ಫೈಬರ್ ಸಂಪರ್ಕದ ವೈಫೈ ಮೇಲೆಯೇ ನಡೆಯಬೇಕು. ಮಗಳು ಜರ್ಮನಿಯಿಂದ ವಾಟ್ಸ್‌ಆ್ಯಪ್ ಕರೆ ಮಾಡಿದಾಗ ಫೋನು ಕೈಯಲ್ಲಿದ್ದರೆ ಕೂಡಲೇ ರಿಂಗಾಗುತ್ತದೆ. ಮೇಜಿನ ಮೇಲೆ ಅರ್ಧ ಗಂಟೆ ಸುಮ್ಮನೆ ಬಿದ್ದಿದ್ದರೆ ಆಗುವುದಿಲ್ಲ. ಅವಳಿಗೆ ಒಂದೇ ಟಿಕ್ ಕಾಣುತ್ತಿರುತ್ತದೆ. ಮೊನ್ನೆ ಹಾಲು ಕರೆದು ಬಂದು ಸ್ಕ್ರೀನ್ ಮುಟ್ಟಿದ ತಕ್ಷಣ ಹನ್ನೊಂದು ಸಂದೇಶ, ಮೂರು ಮಿಸ್ಡ್ ಕಾಲ್ ಒಟ್ಟಿಗೇ ಬಂದು ಬಿದ್ದವು. ಎರಡು ವರ್ಷದ ಆಂಡ್ರಾಯ್ಡ್ ಫೋನು. ಬದಲಿಸಬೇಕಾದದ್ದು ಫೋನೋ, ರೂಟರೋ, ಬರೀ ಸೆಟ್ಟಿಂಗ್ಸೋ? ಈ ಪಾಡು ಪಟ್ಟವರು ದಯವಿಟ್ಟು ತಿಳಿಸಿ.

ನಿವೃತ್ತ ಮೇಷ್ಟ್ರು, ಮೈಸೂರು:
ಮೂರು ಆಂಡ್ರಾಯ್ಡ್ ಫೋನುಗಳ ಜೊತೆ ಆರು ವರ್ಷ ಏಗಿ, ಕಳೆದ ದೀಪಾವಳಿಗೆ ಐಫೋನ್ ಕೊಂಡೆ. ಲೆಕ್ಕ ಬರೆದಿಟ್ಟಿದ್ದೇನೆ: ಫೋನಿಗೆ 54,900, ಚಾರ್ಜರಿಗೆ 1,900, ಗಾಜಿಗೆ 600, ಕವರಿಗೆ 450. ಹಳೆಯದಕ್ಕೆ ಆರು ಸಾವಿರ ಕೊಡುತ್ತೇವೆಂದು ಒಪ್ಪಿದ್ದ ಅಂಗಡಿಯವರು, ಅಂಚಿನಲ್ಲಿದ್ದ ಕೂದಲೆಳೆಯಷ್ಟು ಗೀರನ್ನು ತೋರಿಸಿ 2,100 ಎಣಿಸಿದರು. ಆದರೆ ಅಂದಿನಿಂದ ಒಂದು ಕರೆಯೂ ತಪ್ಪಿಲ್ಲ. 2009ರಿಂದಲೇ ಅದರಲ್ಲಿ ಎಲ್ಲ ಆ್ಯಪ್‌ಗಳ ಸೂಚನೆಯೂ ಕಂಪನಿಯದೇ ಆದ ಒಂದೇ ದಾರಿಯಲ್ಲಿ ಬರುವ ವ್ಯವಸ್ಥೆಯಿದೆ. ಆ್ಯಪ್ ಮಲಗಿದ್ದರೂ ಚಿಂತೆಯಿಲ್ಲ. ಹಣ ಹಾಳಾಯಿತೆಂದು ಮನೆಯಾಕೆ ಈಗಲೂ ಅನ್ನುತ್ತಾಳೆ. ಕರೆ ಬಂದಾಗ ಓಡಿಹೋಗಿ ಎತ್ತಿಕೊಳ್ಳುವವಳೂ ಅವಳೇ.

ರಾತ್ರಿಪಾಳಿ:
ಮೇಷ್ಟ್ರಿಗೆ ಪಿಂಚಣಿ ಇದೆ, ಕೊಂಡರು. ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ತುರ್ತು ಕರೆಗಳು ವಾಟ್ಸ್‌ಆ್ಯಪ್ ಗುಂಪಿನಲ್ಲೇ ಬರುತ್ತವೆ. ಬ್ಯಾಟರಿ ವಿಭಾಗದಲ್ಲಿ ಆ ಆ್ಯಪ್‌ಗೆ ನಿರ್ಬಂಧ ತೆಗೆದೆ, ತಾನಾಗಿಯೇ ಶುರುವಾಗಲು ಬಿಡುವ ಆಟೋಸ್ಟಾರ್ಟ್ ಅನುಮತಿ ಕೊಟ್ಟೆ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೀಗ ಹಾಕಿದೆ. ನಾಲ್ಕು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಒಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ತಾನಾಗಿಯೇ ಆಗಿ, ನಾನು ಕೊಟ್ಟಿದ್ದ ಅನುಮತಿಗಳನ್ನೆಲ್ಲ ಅಳಿಸಿಹಾಕಿತು. ಎರಡು ಗಂಟೆಯ ಕರೆ ನನಗೆ ಕಂಡದ್ದು ಬೆಳಿಗ್ಗೆ ಐದೂಮುಕ್ಕಾಲಿಗೆ. ಮೆಮೊ ಬಂತು, ಅರ್ಧ ದಿನದ ಸಂಬಳ ಹೋಯಿತು, ಸಹೋದ್ಯೋಗಿಗಳ ಮುಂದೆ ಆದ ಅವಮಾನ ಬೇರೆ.

ಬ್ಯಾಟರಿಯ ಕಥೆ ಇನ್ನೊಂದು. ನಿರ್ಬಂಧ ತೆಗೆದದ್ದು ಒಂದು ಆ್ಯಪ್‌ಗಲ್ಲ, ಭಯದಿಂದ ಹದಿನಾಲ್ಕಕ್ಕೆ. ಸಂಜೆ ಐದಕ್ಕೆ ಚಾರ್ಜ್ 18ಕ್ಕೆ ಇಳಿದಿರುತ್ತಿತ್ತು. ಬೀದಿಯ ಅಂಗಡಿಯಲ್ಲಿ 1,650 ಕೊಟ್ಟು ಬ್ಯಾಟರಿ ಹಾಕಿಸಿದೆ. ಏಳೇ ತಿಂಗಳಿಗೆ ಅದು ಕರಿದ ಹಪ್ಪಳದಂತೆ ಉಬ್ಬಿ ಹಿಂದಿನ ಮುಚ್ಚಳವನ್ನೇ ಎಬ್ಬಿಸಿತು. ಎರಡನೆಯದಕ್ಕೆ 2,400.

ಕೋಡುಬಳೆ, ಬೆಂಗಳೂರು:
ಹದಿನಾಲ್ಕು ಆ್ಯಪ್‌ಗಳಿಗೆ ವಿನಾಯಿತಿ ಕೊಟ್ಟ ಮೇಲೆ ಬ್ಯಾಟರಿಯನ್ನು ಬೈಯುವುದು ನ್ಯಾಯವಲ್ಲ. 2015ರ ಆಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ಬ್ಯಾಟರಿ ಉಳಿಸುವ ನಿದ್ರೆ ಬಂತು. ಚಾರ್ಜರಿಗೆ ಹಾಕದ ಫೋನು ಸ್ಕ್ರೀನ್ ಆರಿ, ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳಿಗೆ ನೆಟ್ ಸಿಗುವುದಿಲ್ಲ. ಮರುವರ್ಷದ ಆಂಡ್ರಾಯ್ಡ್ 7ರಲ್ಲಿ ಜೇಬಿನಲ್ಲಿ ಅಲುಗಾಡುತ್ತಿರುವ ಫೋನಿಗೂ ಇದರ ಹಗುರ ರೂಪ ಬಂತು. ಆದರೆ ತುರ್ತು ಎಂಬ ಗುರುತಿನೊಡನೆ ಗೂಗಲ್‌ನ ಸರ್ವರ್ ಮೂಲಕ ಬರುವ ಸಂದೇಶಕ್ಕೆ ಡೋಜ್ ದಾರಿ ಬಿಡುತ್ತದೆ. ಮೂಲ ವ್ಯವಸ್ಥೆ ಸರಿಯಾಗಿಯೇ ಇದೆ. ಅದರ ಮೇಲೆ ಕೆಲವು ತಯಾರಕರು ಸೇರಿಸಿದ ಬ್ಯಾಟರಿ ಉಳಿತಾಯವೂ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಎಲ್ಲವನ್ನೂ ಒರೆಸಿ ತೆಗೆಯುವ ಬಳಕೆದಾರರ ಚಟವೂ ಅದನ್ನು ಕೆಡಿಸುತ್ತವೆ. ಕೆಲವು ಫೋನುಗಳಲ್ಲಿ ಪಟ್ಟಿಯಿಂದ ಆ್ಯಪ್ ಒರೆಸಿದರೆ ಅದು ಬಲವಂತವಾಗಿ ನಿಲ್ಲಿಸಿದಂತೆಯೇ ಲೆಕ್ಕ. ಮತ್ತೆ ನೀವೇ ತೆರೆಯುವವರೆಗೆ ಏನೂ ಬರದು.

ನಾನು ಮಾತ್ರೆ ನೆನಪಿಸುವ ಆ್ಯಪ್ ಒಂದನ್ನು ಒಂಟಿಯಾಗಿ ಎಂಟು ತಿಂಗಳು ಬರೆದವನು. ಡೋಜ್‌ನಲ್ಲಿ ಒಂದು ಆ್ಯಪ್ ಸಾಮಾನ್ಯವಾಗಿ ಒಂಬತ್ತು ನಿಮಿಷಕ್ಕೊಮ್ಮೆಗಿಂತ ಹೆಚ್ಚಾಗಿ ಅಲಾರಂ ಎಬ್ಬಿಸುವಂತಿಲ್ಲ. ಅದಕ್ಕೆ ತಕ್ಕಂತೆ ಎಲ್ಲವನ್ನೂ ತಿರುಗಿ ಬರೆದೆ. ದಿನವೂ ಆ್ಯಪ್ ಒರೆಸಿಹಾಕುವವರೇ ಬಂದು ಒಂದೇ ನಕ್ಷತ್ರ ಕೊಟ್ಟು ಹೋದರು. ಕೊನೆಗೆ ಮುಚ್ಚಿದೆ.

ರಾತ್ರಿಪಾಳಿ:
ಆ ಒಂದು ನಕ್ಷತ್ರದವರಲ್ಲಿ ನಾನೂ ಇದ್ದಿರಬಹುದು, ಸ್ವಾಮಿ. ಬೀಗ ಹಾಕಿದ್ದೆನೆಂದು ಬರೆದಿದ್ದೇನೆ, ಒರೆಸಿದ್ದೆನೆಂದಲ್ಲ. ಓದಿ ಉತ್ತರಿಸಿ.

ತಂತಿಮನುಷ್ಯ, ಹುಬ್ಬಳ್ಳಿ:
ಎಲ್ಲರೂ ಫೋನನ್ನೇ ಹಿಡಿದುಕೊಂಡಿದ್ದೀರಿ. ನನ್ನ ಫೋನು ಮೊಬೈಲ್ ಡೇಟಾದಲ್ಲಿ ಸರಿಯಾಗಿಯೇ ಇತ್ತು, ವೈಫೈಯಲ್ಲಿ ಮಾತ್ರ ಸಾಯುತ್ತಿತ್ತು. ಸರ್ವಿಸ್‌ನವರು ಮೂರು ಸಲ ಬಂದು ಮೂರು ಸಲವೂ ರೀಸ್ಟಾರ್ಟ್ ಮಾಡಿ, ಚಹಾ ಕುಡಿದು ಹೋದರು. ಕಡೆಗೆ ನಾನೇ ಗಡಿಯಾರ ಹಿಡಿದು ಕುಳಿತೆ. ಸ್ಕ್ರೀನ್ ಆರಿದ ನಾಲ್ಕನೆಯ ನಿಮಿಷಕ್ಕೆ ತಮ್ಮ ಕಳುಹಿಸಿದ ಸಂದೇಶ ಬಂತು. ಮತ್ತೆ ಮೊದಲಿನಿಂದ ಸ್ಕ್ರೀನ್ ಆರಿಸಿಟ್ಟು ನೋಡಿದರೆ, ಏಳನೆಯ ನಿಮಿಷಕ್ಕೆ ಕಳುಹಿಸಿದ್ದು ಬರಲಿಲ್ಲ. ಹತ್ತು ಸಲವೂ ಹೀಗೆಯೇ.

ಫೋನು ಗೂಗಲ್‌ನ ಸರ್ವರಿಗೆ ಒಂದೇ ಸಂಪರ್ಕ ತೆರೆದಿಟ್ಟುಕೊಂಡು, ಅದು ಜೀವಂತವಿದೆಯೇ ಎಂದು ಆಗಾಗ ತಟ್ಟಿ ನೋಡುತ್ತದೆ. ಎರಡು ತಟ್ಟುಗಳ ನಡುವೆ ಹಲವು ನಿಮಿಷಗಳ ಅಂತರವಿರುತ್ತದೆ. ಅಷ್ಟರಲ್ಲಿ ರೂಟರ್ ಆ ಸಂಪರ್ಕವನ್ನು ಮರೆತಿದ್ದರೆ, ಹೊರಗಿನಿಂದ ಬಂದ ಸಂದೇಶವನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಫೋನಿಗಂತೂ ದಾರಿ ಕಡಿದುಹೋದದ್ದೇ ಗೊತ್ತಿರುವುದಿಲ್ಲ. ಸುಮ್ಮನಿರುವ ಸಂಪರ್ಕವನ್ನು ಕನಿಷ್ಠ ಎರಡು ಗಂಟೆ ನಾಲ್ಕು ನಿಮಿಷ ನೆನಪಿಡಬೇಕೆಂಬ ನಿಯಮ 2008ರಿಂದಲೇ ಇದೆ. ನನ್ನ ರೂಟರ್ ಐದು ನಿಮಿಷಕ್ಕೇ ಮರೆಯುತ್ತಿತ್ತು. 3,200 ಕೊಟ್ಟು ಹೊಸದನ್ನು ತಂದೆ, ತೊಂದರೆ ಮುಗಿಯಿತು. ಹಳೆಯದಕ್ಕೆ ಗುಜರಿಯವನು ಕೊಟ್ಟದ್ದು ನೂರು.

ನಿವೃತ್ತ ಮೇಷ್ಟ್ರು, ಮೈಸೂರು:
ನನ್ನ ಮನೆಯ ರೂಟರ್ ಏಳು ವರ್ಷ ಹಳೆಯದು. ಫೋನು ಬದಲಿಸಿದ ದಿನವೇ ಎಲ್ಲ ಸರಿಯಾಯಿತು. ಇದಕ್ಕೇನು ಹೇಳುತ್ತೀರಿ?

ತಂತಿಮನುಷ್ಯ, ಹುಬ್ಬಳ್ಳಿ:
ನಿಮ್ಮ ರೂಟರ್ ಒಳ್ಳೆಯದಿತ್ತು ಎನ್ನುತ್ತೇನೆ, ಮೇಷ್ಟ್ರೇ. ಫೋನು ಕೊಳ್ಳುವ ಮೊದಲು ಗಡಿಯಾರ ಹಿಡಿದು ನೋಡಿದ್ದಿರೇ?

ಕೋಡುಬಳೆ, ಬೆಂಗಳೂರು:
ಪ್ರಶ್ನೆ ಕೇಳಿದವರು ಒಂದು ರಾತ್ರಿ ಫೋನನ್ನು ಚಾರ್ಜರಿಗೆ ಹಾಕಿಟ್ಟು ನೋಡಲಿ. ಚಾರ್ಜ್ ಆಗುತ್ತಿರುವಾಗ ಡೋಜ್ ಇರುವುದಿಲ್ಲ. ಆಗ ಕರೆ ಬಂದರೆ ದೋಷ ಫೋನಿನ ಉಳಿತಾಯದಲ್ಲಿರುವ ಸಂಭವ ಹೆಚ್ಚು. ಆಗಲೂ ಬರದಿದ್ದರೆ ಹುಬ್ಬಳ್ಳಿಯವರ ಮಾತನ್ನು ಪರಿಶೀಲಿಸಬೇಕು.

ರಾತ್ರಿಪಾಳಿ:
ರಾತ್ರಿಯಿಡೀ ಚಾರ್ಜರಿಗೆ ಹಾಕಿಡಿ ಎಂದು ಯಾರಿಗೂ ಹೇಳಬೇಡಿ. ನನ್ನ ಬ್ಯಾಟರಿ ಉಬ್ಬಿದ್ದು ಹಾಗೆಯೇ.

ನಿವೃತ್ತ ಮೇಷ್ಟ್ರು, ಮೈಸೂರು:
ನಿಮ್ಮದು ಉಬ್ಬಿದ್ದು 1,650ರ ಬೀದಿ ಬ್ಯಾಟರಿ ಹಾಕಿಸಿದ್ದಕ್ಕೆ, ತಾಯಿ. ನಾನು ನಿತ್ಯ ಹಾಕಿಡುತ್ತೇನೆ.

ರಾತ್ರಿಪಾಳಿ:
ಅರ್ಧ ಲಕ್ಷ ಇದ್ದಿದ್ದರೆ ನಾನೂ ಒಳ್ಳೆಯ ಬ್ಯಾಟರಿಯನ್ನೇ ಹಾಕಿಸುತ್ತಿದ್ದೆ.

ಹೊಸನಗರದ ಒಂಟಿಮನೆ:
ನಿನ್ನೆ ಚಾರ್ಜರಿಗೆ ಹಾಕಿಟ್ಟು, ನಲವತ್ತು ನಿಮಿಷ ಬಿಟ್ಟು ಕರೆ ಮಾಡೆಂದು ಮಗಳಿಗೆ ಹೇಳಿದೆ. ರಿಂಗಾಯಿತು. ಇನ್ನೊಮ್ಮೆ ನೋಡೋಣವೆಂದು ಇಟ್ಟಾಗ ಕರೆಂಟ್ ಹೋಯಿತು. ರೂಟರ್ ಇನ್ವರ್ಟರ್ ಮೇಲಿದೆ, ಫೋನು ಹಾಕಿದ್ದ ಪ್ಲಗ್ ಇರಲಿಲ್ಲ. ಅರ್ಧ ಗಂಟೆಯಾದರೂ ಸದ್ದಿಲ್ಲ, ಸ್ಕ್ರೀನ್ ಮುಟ್ಟಿದರೆ ಎರಡು ಮಿಸ್ಡ್ ಕಾಲ್. ಹಾಗಾದರೆ ಫೋನಿನದೇ ಎಂದುಕೊಳ್ಳುತ್ತೇನೆ. ರಾತ್ರಿಪಾಳಿಯ ಅಮ್ಮಾ, ಆ ಆಟೋಸ್ಟಾರ್ಟ್ ಎಂಬುದು ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಸಿಗುತ್ತದೆ?

ರಾತ್ರಿಪಾಳಿ:
ಆ್ಯಪ್ ಐಕಾನನ್ನು ಒತ್ತಿ ಹಿಡಿದು ಆ್ಯಪ್ ಮಾಹಿತಿಗೆ ಹೋಗಿ. ನನ್ನ ಫೋನಿನಲ್ಲಿ ಅಲ್ಲಿಯೇ ಇತ್ತು. ಅಪ್‌ಡೇಟ್ ಆದ ಪ್ರತಿಸಲವೂ ಮತ್ತೆ ತೆಗೆದು ನೋಡಿ. ಬ್ಯಾಟರಿಯ ನಿರ್ಬಂಧವನ್ನು ವಾಟ್ಸ್‌ಆ್ಯಪ್ ಒಂದಕ್ಕೆ ಮಾತ್ರ ತೆಗೆಯಿರಿ, ಹದಿನಾಲ್ಕಕ್ಕೆ ಬೇಡ.