ಪ್ರಶ್ನೋತ್ತರ: ಮೇಲಿನ ಗಾಳಿಗೆ ಉಪಗ್ರಹ ಬೀಳತ್ತಾ?

(ಮಲೆನಾಡಿನ ನಮ್ಮ ವಿಜ್ಞಾನ ಗುಂಪಿನಿಂದ. ಉತ್ತರಿಸಿದವರು ಉಪಗ್ರಹಗಳ ಕಕ್ಷೆ ನೋಡಿಕೊಳ್ಳುತ್ತಿದ್ದ ನಿವೃತ್ತ ಇಂಜಿನಿಯರ್, ಈಗ ಹೊಸನಗರದಲ್ಲಿ ತೋಟ. ಉಳಿದವರನ್ನು ಅವರ ಊರಿನ ಹೆಸರಿನಿಂದ ಗುರುತಿಸಿದೆ.)

ಸಾಗರದ ವಿದ್ಯಾರ್ಥಿನಿ: ಸರ್, 100 ಕಿ.ಮೀ. ದಾಟಿದ್ರೆ ಬಾಹ್ಯಾಕಾಶ ಅಂತಾರೆ. ಮತ್ತೆ 2022ರಲ್ಲಿ ಇಂಟರ್ನೆಟ್ ಕೊಡೋ ಸ್ಟಾರ್‌ಲಿಂಕ್ ಉಪಗ್ರಹಗಳು 210 ಕಿ.ಮೀ. ಎತ್ತರದಲ್ಲೂ ಗಾಳಿಗೆ ಸಿಕ್ಕಿದ್ದು ಹೇಗೆ?

ಇಂಜಿನಿಯರ್: ಒಳ್ಳೆ ಪ್ರಶ್ನೆ ಕಣಮ್ಮ. ಗಾಳಿ ಬೇಲಿ ಹಾಕಿದ ಹಾಗೆ ಒಂದು ಕಡೆ ಮುಗಿಯಲ್ಲ, ತೆಳುವಾಗ್ತಾ ಹೋಗತ್ತೆ. 210ರಲ್ಲಿರೋದು ಚೂರೇ ಚೂರು, ಆದ್ರೆ ಸೆಕೆಂಡಿಗೆ 7.8 ಕಿ.ಮೀ. ಓಡೋ ಉಪಗ್ರಹಕ್ಕೆ ಅದೇ ಸಾಕು. ಫೆಬ್ರವರಿ 3ಕ್ಕೆ 49 ಹಾರಿಸಿದ್ರು. ಮರುದಿನ ಕಾಂತೀಯ ಬಿರುಗಾಳಿ, ಅಂದ್ರೆ ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡೋದು. ಮೇಲಿನ ಹವೆ ಕಾದು ಹಾಲಿನ ಹಾಗೆ ಉಕ್ಕಿತು, ಕೆಳಗಿನ ದಟ್ಟ ಗಾಳಿ ಮೇಲಕ್ಕೆ ಬಂತು. ಎಳೆತ, ಅಂದ್ರೆ ಗಾಳಿ ಉಪಗ್ರಹವನ್ನ ತಡೆಯೋದು, ಹಿಂದಿನ ಉಡಾವಣೆಗಳಿಗಿಂತ ಶೇ. 50ರ ತನಕ ಜಾಸ್ತಿ. ಆಗುಂಬೆ ಗಾಳಿಗೆ ನಾವು ಕೊಡೆ ಮಡಚಲ್ವಾ, ಹಾಗೆ ಉಪಗ್ರಹಗಳನ್ನ ಗಾಳಿಗೆ ಅಂಚು ಕೊಟ್ಟು ತಿರುಗಿಸಿಟ್ರು. ಆದ್ರೆ ಆ ಎಳೆತದಲ್ಲಿ ಮತ್ತೆ ಸರಿಯಾಗಿ ತಿರುಗಿ ಮೇಲೇರೋಕೇ ಆಗಲಿಲ್ಲ. 40ರ ಹತ್ತಿರ ಸುಟ್ಟುಹೋದ್ವು. ನನ್ನ ನಿದ್ದೆ ಕೆಡಿಸೋದು ಏನು ಗೊತ್ತಾ? ಅದು ದೊಡ್ಡ ಬಿರುಗಾಳಿ ಅಲ್ಲವೇ ಅಲ್ಲ.

ರಿಪ್ಪನ್‌ಪೇಟೆ: ಮಳೆಗೆ ಡಿಶ್ ಟಿವಿ ಹೋಗೋದೂ ಇದಕ್ಕೇನಾ?

ಇಂಜಿನಿಯರ್: ಅಲ್ಲ. ಡಿಶ್ ಟಿವಿಯ ಉಪಗ್ರಹ 36,000 ಕಿ.ಮೀ. ಮೇಲಿದೆ. ನಿಮ್ಮ ಸಿಗ್ನಲ್ ನುಂಗೋದು ಮಳೆಹನಿ.

ತೀರ್ಥಹಳ್ಳಿ: (ಫಾರ್ವರ್ಡ್) ಇಂದು ರಾತ್ರಿ 12:30ರಿಂದ 3:30 ಕಾಸ್ಮಿಕ್ ಕಿರಣ! ಮೊಬೈಲ್ ಆಫ್ ಮಾಡಿ, ದಿಂಬಿನಡಿ ತುಳಸಿ ಇಡಿ.

ಇಂಜಿನಿಯರ್: ಈ ಸುಳ್ಳು ಬರ್ತಿರೋದು ಇದು ಮೂರನೇ ಸಲ. ಮೊಬೈಲ್ ಆಫ್ ಮಾಡಬೇಡಿ. ಮಧ್ಯರಾತ್ರಿ ಮನೇಲಿ ಯಾರಿಗಾದ್ರೂ ಎದೆನೋವು ಬಂದ್ರೆ ತುಳಸಿ ಆಂಬುಲೆನ್ಸ್ ಕರೆಯಲ್ಲ.

ತೀರ್ಥಹಳ್ಳಿ: ಬಂದಿದ್ದನ್ನ ಹಾಕಿದೆ ಅಷ್ಟೆ. ಸಿಟ್ಟು ಎಂತಕ್ಕೆ?

ಕೊಪ್ಪ: ಸರ್, ಮಳೆ ಬಂದ್ರೆ ಡಿಶ್...

ಇಂಜಿನಿಯರ್: ಮೇಲೆ ಓದಿ.

ನಗರದ ಹಿರಿಯರು: 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳತ್ತೆ ಅಂತ ನಮ್ಮೂರಲ್ಲಿ ಇದ್ದಬದ್ದ ಕೋಳಿ ಕೊಯ್ದು ತಿಂದಿದ್ರು.

ಇಂಜಿನಿಯರ್: ಅದನ್ನ ಬೀಳಿಸಿದ್ದೂ ಇದೇ ಎಳೆತ. ಸೂರ್ಯ ಎಣಿಸಿದ್ದಕ್ಕಿಂತ ಚುರುಕಾಗಿದ್ದ. ಜುಲೈ 11ಕ್ಕೆ ಚೂರು ಬಿದ್ದಿದ್ದು ಹಿಂದೂ ಮಹಾಸಾಗರ, ಪಶ್ಚಿಮ ಆಸ್ಟ್ರೇಲಿಯಾ ಕಡೆ.

ರಿಪ್ಪನ್‌ಪೇಟೆ: ಕೋಳಿ ಬಿಡಿ ಮಾರಾಯ್ರೆ. ಪ್ರಪಂಚನೇ ಮುಳುಗತ್ತೆ ಅಂತ ನಿಮ್ಮಣ್ಣ ನಮ್ಮಪ್ಪನ ಸಾಲ ವಾಪಸ್ ಕೊಡಲಿಲ್ಲ.

ನಗರದ ಹಿರಿಯರು: ಯಾವ ಸಾಲ? ಪತ್ರ ಉಂಟಾ?

ವಿದ್ಯಾರ್ಥಿನಿ: ಸರ್, ಎಳೆತಕ್ಕೆ ಸಿಕ್ಕಿ ಕೆಳಗಿಳಿಯೋ ಉಪಗ್ರಹದ ವೇಗ ಜಾಸ್ತಿ ಆಗತ್ತಂತಲ್ಲ, ಅದು ಹೇಗೆ?

ರಿಪ್ಪನ್‌ಪೇಟೆ: ಎರಡು ಕ್ವಿಂಟಾಲ್ ಅಡಿಕೆ ದುಡ್ಡು! ಪತ್ರ ಬೇರೆ ಬೇಕಾ?

ನಗರದ ಹಿರಿಯರು: ಬಾಯಿ ಹಿಡಿದು ಮಾತಾಡು.

ಇಂಜಿನಿಯರ್: ನಾನು ತೋಟಕ್ಕೆ ಹೊರಟೆ.

ಕೊಪ್ಪ: ಸರ್, ಡಿಶ್?